ಪದಚರ್ಚೆ: ಬೇಸ್‌ಬಾಲ್‌ನಲ್ಲಿ ‘ಹವ್ಯಾಸಿ’ ಅಂದರೆ ಯಾರು?

ಎಲ್ಲರಿಗೂ ನಮಸ್ಕಾರ. ವಿರಾಜಪೇಟೆ ಕಡೆಯಿಂದ ಬರೆಯುತ್ತಿದ್ದೇನೆ. ನಮ್ಮೂರ ಪಿ.ಟಿ. ಮೇಷ್ಟ್ರಿಗೆ ಈ ಮಳೆಗಾಲದಲ್ಲಿ ಬೇಸ್‌ಬಾಲ್ ಹುಚ್ಚು ಹಿಡಿದಿದೆ. ಮೈದಾನದ ತುಂಬಾ ನೀರು, ಆಡುವ ಹಾಗಿಲ್ಲ. ಅದಕ್ಕೆ ‘ನಿಯಮಗಳನ್ನಾದರೂ ಕನ್ನಡದಲ್ಲಿ ಬರೆದುಕೊಡಿ’ ಎಂದು ನನ್ನ ಬೆನ್ನು ಹತ್ತಿದ್ದಾರೆ. ಅಮೆಚೂರ್, ಪ್ರೊಫೆಷನಲ್ ಎಂಬ ಎರಡು ಪದಗಳ ಹತ್ತಿರ ಪೆನ್ನು ನಿಂತುಬಿಟ್ಟಿದೆ.

ಹವ್ಯಾಸಿ, ವೃತ್ತಿಪರ ಎಂದು ಬರೆಯಬಹುದು, ಗೊತ್ತು. ಈ ಜೋಡಿ ನಮಗೆ ನಾಟಕದಿಂದಲೇ ಜಾಸ್ತಿ ಪರಿಚಯ. ಗುಬ್ಬಿ ಕಂಪನಿಯದು ವೃತ್ತಿ ರಂಗಭೂಮಿ, ಕೈಲಾಸಂ ನಾಟಕ ಆಡುತ್ತಿದ್ದವರು ಹವ್ಯಾಸಿಗಳು. ಹೊಟ್ಟೆಪಾಡಿಗೆ ಬಣ್ಣ ಹಚ್ಚುವವರು, ಖುಷಿಗೆ ಹಚ್ಚುವವರು. ಅಲ್ಲಿಗೆ ಸರಿ. ಬೇಸ್‌ಬಾಲ್ ನಿಯಮಕ್ಕೆ ಅಂಟಿಸಿದರೆ ಮಾತ್ರ ಎಡವಟ್ಟು. ಅಲ್ಲಿ ನಿಯಮ ಬದಲಾಗುವುದು ದುಡ್ಡು ನೋಡಿ ಅಲ್ಲ, ಬಹುಪಾಲು ವಯಸ್ಸು ನೋಡಿ.

ಅಮೆರಿಕದ ವೃತ್ತಿಪರರು ಆಡುವ ಮೇಜರ್ ಲೀಗ್‌ನಲ್ಲಿ ಪಂದ್ಯಕ್ಕೆ 9 ಇನಿಂಗ್ಸ್. ಹೈಸ್ಕೂಲಿನಲ್ಲಿ 7, ಲಿಟ್ಲ್ ಲೀಗ್‌ನ ಮಕ್ಕಳಿಗೆ 6. ರನ್ನಿಗಾಗಿ ಓಡಿ ಮುಟ್ಟುವ ಗುರುತಿಗೆ ಬೇಸ್ ಅನ್ನುತ್ತಾರೆ; ದೊಡ್ಡವರಿಗೆ ಬೇಸಿನಿಂದ ಬೇಸಿಗೆ 90 ಅಡಿ, 12 ವರ್ಷದವರೆಗಿನ ಮಕ್ಕಳಿಗೆ 60. ದೊಡ್ಡವರ ಪಿಚರ್, ಅಂದರೆ ಚೆಂಡೆಸೆಯುವವನು, 60 ಅಡಿ 6 ಇಂಚು ದೂರದಿಂದ ಎಸೆದರೆ, ಈ ಮಕ್ಕಳು 46 ಅಡಿಯಿಂದ ಎಸೆಯುತ್ತಾರೆ. 11–12 ವರ್ಷದ ಪಿಚರ್‌ಗೆ ದಿನಕ್ಕೆ 85 ಎಸೆತದ ಮಿತಿ. ಮಿತಿ ಮುಟ್ಟಿದಾಗ ಎದುರಿಗಿರುವ ಬ್ಯಾಟರ್‌ನ ಸರದಿ ಮುಗಿಸಬಹುದು, ಅಷ್ಟೆ. ಬೆಳೆಯುವ ತೋಳಲ್ವಾ? ಹೈಸ್ಕೂಲಿನಲ್ಲಿ ಮೊದಲಿಂದ ಆಡುತ್ತಿದ್ದವನನ್ನು ಹೊರಗೆ ಕೂರಿಸಿದರೂ ಒಂದು ಸಲ ವಾಪಸ್ ಕರೆಯಬಹುದು. ಮೇಜರ್ ಲೀಗ್‌ನಲ್ಲಿ ಹೋದವನು ಹೋದ ಹಾಗೇ.

ಇನ್ನು ಕಾಲೇಜು ನೋಡಿ. ಅದನ್ನೂ ಅಮೆಚೂರ್ ಗುಂಪಿಗೇ ಸೇರಿಸುತ್ತಾರೆ. ಆದರೆ ಅಲ್ಲೂ 9 ಇನಿಂಗ್ಸ್, ಅಲ್ಲೂ 90 ಅಡಿ. ಲೋಹದ ಬ್ಯಾಟು ನಡೆಯುತ್ತದೆ, ಮೇಜರ್ ಲೀಗ್‌ನಲ್ಲಿ ಮರದ್ದೇ ಆಗಬೇಕು. ಇವರನ್ನೂ ಆ ಹನ್ನೆರಡರ ಮಕ್ಕಳನ್ನೂ ಒಂದೇ ‘ಹವ್ಯಾಸಿ’ಯಲ್ಲಿ ತುರುಕುವುದು ಹೇಗೆ?

ನಮ್ಮ ಕೊಡಗಿನಲ್ಲಿ 1997ರಲ್ಲಿ ಕರಡ ಎಂಬ ಊರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಇದೆ. ಒಲಿಂಪಿಕ್ಸ್ ಆಡಿದವರೂ ಮನೆಯ ಹೆಣ್ಣುಮಕ್ಕಳು, ವಯಸ್ಸಾದವರ ಜೊತೆ ಒಂದೇ ತಂಡದಲ್ಲಿ ಇಳಿಯುತ್ತಾರೆ. ಅಲ್ಲಿ ‘ಯಾವ ಒಕ್ಕ’, ಅಂದರೆ ಯಾವ ಮನೆತನ, ಎಂದು ಕೇಳುತ್ತಾರೆ, ಹವ್ಯಾಸಿಯೋ ಅಲ್ಲವೋ ಯಾರಿಗೂ ಬೇಡ.

ಸದ್ಯಕ್ಕೆ ಶಾಲೆಯಾಟ, ಕಾಲೇಜಾಟ, ಲೀಗಾಟ ಎಂದು ಬಿಡಿಸಿ ಬರೆದಿದ್ದೇನೆ. ‘ಹವ್ಯಾಸಿ’ಯನ್ನು ಪೂರ್ತಿ ಬಿಟ್ಟರೆ ತಪ್ಪಾಗುತ್ತದಾ?

ಇನ್ನೊಂದು, ಮರ್ಸಿ ರೂಲ್. ಹೈಸ್ಕೂಲಿನಲ್ಲಿ ಸಾಮಾನ್ಯವಾಗಿ 5 ಇನಿಂಗ್ಸ್ ಆದ ಮೇಲೆ 10 ರನ್ ಅಂತರವಿದ್ದರೆ ಆಟ ನಿಲ್ಲಿಸುತ್ತಾರೆ. ಮೇಜರ್ ಲೀಗ್‌ನಲ್ಲಿ ಈ ಕನಿಕರ ಇಲ್ಲ. ‘ದಯಾ ನಿಯಮ’ ಎಂದು ಬರೆದೆ, ಗಲ್ಲು ಶಿಕ್ಷೆಯ ಅರ್ಜಿಯ ಹಾಗೆ ಕೇಳಿಸಿತು. ಪಕ್ಕದಲ್ಲಿ ಕೂತಿದ್ದ ಅಕ್ಕನ ಮಗ ಸುಮ್ನೆ ‘ಸಾಕಾಟ ಅನ್ನಿ ಮಾವ’ ಎಂದ. ನನಗೆ ಹಿಡಿಸಿದೆ. ನಿಮ್ಮ ಕಡೆ ಇದಕ್ಕೆ ಬೇರೆ ಮಾತಿದ್ದರೆ ತಿಳಿಸಿ, ಇಲ್ಲದಿದ್ದರೆ ಹುಡುಗನ ಪದವನ್ನೇ ಹಾಕಿಬಿಡುತ್ತೇನೆ.