ಮಳೆ ಹೊಡೆಯುವ ಗೋಡೆಗೆ ಹಲಗೆ ಹೊಡೆಸಬೇಡ ಮಗಳೇ

ಮಗಳೇ, ನಿನ್ನ ಮೆಸೇಜು ಬೆಳಿಗ್ಗೆ ಹಾಲು ಕಾಯಿಸುವಾಗಲೇ ನೋಡಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ನನಗೆ ಟೈಪ್ ಮಾಡಿ ಅಭ್ಯಾಸ ಇಲ್ಲ, ಮಾತಾಡುತ್ತಾ ಹೋಗುತ್ತೇನೆ, ಉದ್ದ ಆದರೂ ಪೂರ್ತಿ ಕೇಳು. ನಮ್ಮ ಕುಟುಂಬದ ಈ ಗುಂಪಿನಲ್ಲಿ ಅದನ್ನು ನೋಡದೇ ಇರುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಕೊಡಗಿನ ಮೂರ್ನಾಡಿನ ಇವಳ ಹೊಸ ಮನೆಯಲ್ಲಿ ಹಾಲ್‌ಗೂ ಊಟದ ಜಾಗಕ್ಕೂ ನಡುವೆ ಗೋಡೆ ಇಲ್ಲ. ಒಳಗೆ ಬಂದರೆ ಕಣ್ಣು ಎಲ್ಲೂ ನಿಲ್ಲುವುದಿಲ್ಲ, ಕಲ್ಯಾಣ ಮಂಟಪದ ಹಾಗೆ ಬಿಕೋ ಅನ್ನುತ್ತೆ ಅಂತ ಇವಳಿಗೆ ಚಿಂತೆ. ಇಂಟೀರಿಯರ್‌ನವರು ಫೋಕಲ್ ಪಾಯಿಂಟ್, ಅಂದರೆ ಕಣ್ಣು ಹೋಗಿ ನಿಲ್ಲುವ ಜಾಗ, ಬೇಕೇ ಬೇಕು ಅಂತಾರೆ. ಪಶ್ಚಿಮದ ಗೋಡೆಗೆ ಮೇಲಿಂದ ಕೆಳಗಿನವರೆಗೆ ಪ್ಲೈವುಡ್ ಹೊಡೆದು, ಟಿವಿ ಕೂರಿಸಿ, ಸಂದಿಯಲ್ಲಿ ಲೈಟು ಬಿಟ್ಟು ಕೊಡುತ್ತಾರಂತೆ. ಎರಡೂವರೆ ಲಕ್ಷ. ಗೃಹಪ್ರವೇಶಕ್ಕೆ ಒಂದೂವರೆ ತಿಂಗಳಿದೆ. 'ಭಯ ಆಗ್ತಿದೆ ದೊಡ್ಡಮ್ಮ, ಹೂಂ ಅನ್ನಲಾ ಬೇಡ್ವಾ' ಅಂತ ಕೇಳಿದ್ದೀಯ.

ಬೇಡ. ಮಳೆ ಹೊಡೆಯುವ ಗೋಡೆಗೆ ಹಲಗೆ ಹೊಡೆಸಬೇಡ. ಮೊದಲು ಅಷ್ಟು ಹೇಳಿಬಿಡುತ್ತೇನೆ, ಯಾಕೆ ಅಂತ ಆಮೇಲೆ.

ನಮ್ಮ ಮನೆಯ ಕತೆ ನಿಮಗೆಲ್ಲ ಅರ್ಧ ಗೊತ್ತು. 2014ರಲ್ಲಿ ಮಗನ ಮದುವೆಗೆ ಮುಂಚೆ ಹಾಲಿನ ನಡುಗೋಡೆ ಒಡೆಸಿದ್ದು, ಆ ಧೂಳಿನಲ್ಲೇ ನೀವೆಲ್ಲ ಬಂದು ಊಟ ಮಾಡಿ ಹೋದದ್ದು ನೆನಪಿದೆಯಲ್ಲ. ಅದು ಭಾರ ಹೊರುವ ಗೋಡೆ ಅಲ್ಲ ಅಂತ ಮೇಸ್ತ್ರಿ ನೋಡಿದ ಮೇಲೆಯೇ ಒಡೆದೆವು. ಒಡೆದ ಮೇಲೆ ನಿನಗೆ ಈಗ ಆಗುತ್ತಿರುವುದೇ ನಮಗೂ ಆಯಿತು. ಜಾಗ ದೊಡ್ಡದಾಯಿತು, ಕೂರಲು ಮನಸ್ಸು ಬರಲಿಲ್ಲ. ಬಂದವರು ಬಾಗಿಲಲ್ಲೇ ನಿಂತು ಎಲ್ಲಿ ಕೂರಲಿ ಅಂತ ಆಚೆ ಈಚೆ ನೋಡುತ್ತಿದ್ದರು. ಆಗ ಮಡಿಕೇರಿಯಿಂದ ಒಬ್ಬರು ಕೆಲಸದವರು ಬಂದು, ಪಶ್ಚಿಮದ ಗೋಡೆಗೆ ಪ್ಯಾನಲ್ ಹೊಡೆದರೆ ಎಲ್ಲ ಸರಿಹೋಗುತ್ತೆ ಅಂದರು. ಒಂದು ಲಕ್ಷ ಎಂಬತ್ತು ಸಾವಿರ ತೆಗೆದುಕೊಂಡರು. ಹನ್ನೆರಡು ಅಡಿ ಅಗಲ, ಸೂರಿನವರೆಗೆ. ಸುಳ್ಳು ಹೇಳಬಾರದು, ಮದುವೆ ದಿನ ಚಂದವೇ ಕಂಡಿತು.

ಆ ಗೋಡೆಯಲ್ಲಿ ಒಂದು ಗೂಡಿತ್ತು. ನಿನ್ನ ಅಜ್ಜಿ ಸಂಜೆ ದೀಪ ಇಡುತ್ತಿದ್ದ ಗೂಡು. 'ಅದು ಅಡ್ಡ ಬರುತ್ತೆ' ಅಂದರು, ಅದರ ಮೇಲೆಯೇ ಹಲಗೆ ಹೊಡೆದರು. ನಾನು ನೋಡುತ್ತಾ ನಿಂತಿದ್ದೆ. ಬೇಡ ಅನ್ನಲಿಲ್ಲ.

ಮೊದಲ ಎರಡು ಮಳೆಗಾಲ ಏನೂ ಗೊತ್ತಾಗಲಿಲ್ಲ. ಮೂರನೇ ವರ್ಷ ಜುಲೈಯಲ್ಲಿ ಹಾಲಿಗೆ ಬಂದರೆ ಒದ್ದೆ ಗೋಣಿಚೀಲದ ವಾಸನೆ. ಇಲಿ ಸತ್ತಿದೆಯಾ ಅಂತ ಸೋಫಾ ಎಲ್ಲ ಎಳೆದು ನೋಡಿದೆವು. 2018ರಲ್ಲಿ ಆಟಿ ತಿಂಗಳ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಮಾಡಿ ಬಡಿಸುತ್ತಿದ್ದೆ. ಸೌಟು ಕೈಯಲ್ಲಿದ್ದ ಹಾಗೇ ಕಣ್ಣು ಟಿವಿ ಕಡೆ ಹೋಯಿತು. ವಯರು ಹೊರಗೆ ಬರುವ ತೂತಿನಿಂದ ಬೆರಳಿನಷ್ಟು ದಪ್ಪದ ಮಣ್ಣಿನ ಗೆರೆ ಇಳಿದಿತ್ತು. ಉಗುರಿನಲ್ಲಿ ಕೆರೆದೆ. ಒಳಗೆ ಬಿಳಿ ಬಿಳಿ ಗೆದ್ದಲು ಓಡುತ್ತಿದ್ದವು.

ಆಮೇಲೆ ಆ ಆಗಸ್ಟ್ ತಿಂಗಳಲ್ಲಿ ಏನಾಯಿತು ಅಂತ ಹೇಳಬೇಕಾಗಿಲ್ಲ. ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದು ಜನರ ಮನೆಗೆ ಮನೆಯೇ ಹೋದ ವರ್ಷ ಅದು. ನಮ್ಮ ಹಲಗೆಯ ದುಃಖವನ್ನು ಆಗ ಬಾಯಿ ಬಿಟ್ಟು ಹೇಳುವ ಹಾಗೂ ಇರಲಿಲ್ಲ. ಮಳೆ ಬಿಟ್ಟ ಮೇಲೆ ಅಕ್ಟೋಬರಿನಲ್ಲಿ ನಿನ್ನ ದೊಡ್ಡಪ್ಪ ಸುತ್ತಿಗೆ ತೆಗೆದುಕೊಂಡು ಒಂದೊಂದೇ ಹಲಗೆ ಕಿತ್ತರು. ಹಿಂದೆ ಗೋಡೆ ಪೂರ್ತಿ ಕಪ್ಪು ಬೂಷ್ಟು. ಪ್ಲೈವುಡ್ ಒದ್ದೆ ಬ್ರೆಡ್ಡಿನ ಹಾಗೆ ಪದರ ಪದರ ಬಿಟ್ಟುಕೊಂಡಿತ್ತು. ಅದಕ್ಕೆ ಕೊಟ್ಟ ಮರದ ಪಟ್ಟಿಗಳಲ್ಲಿ ಮರವೇ ಇರಲಿಲ್ಲ, ಬರೀ ಮಣ್ಣು. ಕೊನೆಯ ಹಲಗೆ ತೆಗೆದಾಗ ಆ ಗೂಡು ಕಂಡಿತು. ಅಜ್ಜಿಯ ದೀಪದ ಮಸಿ ಹಾಗೇ ಇತ್ತು, ವೀಳ್ಯದೆಲೆ ಆಕಾರದಲ್ಲಿ, ಎಣ್ಣೆ ಜಿಡ್ಡಿಗೆ ಹೊಳೆಯುತ್ತಾ. ಆವತ್ತು ನನಗೆ ಅಳು ತಡೆಯಲಾಗಲಿಲ್ಲ.

ಯಾಕೆ ಹೀಗಾಯಿತು ಅಂತ ನಿನ್ನ ದೊಡ್ಡಪ್ಪ ಆಮೇಲೆ ಬಿಡಿಸಿ ಹೇಳಿದರು. ನಮ್ಮ ಕಡೆ ಮಳೆ ಮೇಲಿಂದ ನೆಟ್ಟಗೆ ಬೀಳುವುದಿಲ್ಲ. ನೈರುತ್ಯದಿಂದ ಗಾಳಿ ಜೊತೆ ಬಂದು ಪಶ್ಚಿಮದ ಗೋಡೆಗೆ ಅಡ್ಡ ಹೊಡೆಯುತ್ತೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಟ್ಟಿಗೆ ನೀರು ಕುಡಿಯುತ್ತಲೇ ಇರುತ್ತೆ. ಬರೀ ಗೋಡೆ ಆದರೆ ಒಳಗಿನ ಗಾಳಿಗೆ, ಒಲೆಯ ಬಿಸಿಗೆ ಅಷ್ಟಿಷ್ಟು ಆರುತ್ತೆ. ವರ್ಷಕ್ಕೊಮ್ಮೆ ಸುಣ್ಣ ಹೊಡೆದರೆ ಮುಗಿಯಿತು. ಅಜ್ಜಿಯ ಕಾಲದಿಂದ ಆ ಗೋಡೆ ಹಾಗೇ ನೆನೆದು ಆರಿ ಬಾಳಿತ್ತು. ನಾವು ಹಲಗೆ ಹೊಡೆದು ಅದರ ಉಸಿರು ಕಟ್ಟಿದೆವು. ಒದ್ದೆ, ಕತ್ತಲು, ಮರ, ಮೂರೂ ಒಂದೇ ಕಡೆ ಸಿಕ್ಕರೆ ಗೆದ್ದಲಿಗೆ ಇನ್ನೇನು ಬೇಕು? ನೆಲ ಗೋಡೆ ಸೇರುವ ಸಂದಿಯಿಂದ ಹತ್ತಿತು.

ನಿನಗೂ ಹೇಳುತ್ತಾರೆ ನೋಡು, ಇದು ಮರೈನ್ ಪ್ಲೈ, ಐಎಸ್ 710 ಅನ್ನುವ ಗುಣಮಟ್ಟದ ಮುದ್ರೆ ಇದೆ, ನೀರು ತಾಗಿದರೂ ಏನೂ ಆಗಲ್ಲ ಅಂತ. ಮುದ್ರೆ ನಿಜವೇ ಇರಬಹುದು. ಆ ಪ್ಲೈಗೆ ಹಾಕುವ ಅಂಟು ನೀರಿಗೆ ಬಿಡುವುದಿಲ್ಲ, ಅದೂ ನಿಜ. ಆದರೆ ಹಿಂದಿನ ಗೋಡೆ ಒದ್ದೆ ಆಗುವುದನ್ನು ಯಾವ ಮುದ್ರೆ ತಡೆಯುತ್ತೆ? ಈಗ ಬೇಸಿಗೆ. ಕಾಫಿ ಹೂ ಅರಳಿಸುವ ಹೂಮಳೆ ಒಂದು ಬಂದು ಹೋಗಿದೆ ಅಷ್ಟೇ. ಗೋಡೆ ಮುಟ್ಟಿದರೆ ಗರಿಗರಿ ಒಣಗಿರುತ್ತೆ, ಅವರಿಗೂ ಏನೂ ಕಾಣುವುದಿಲ್ಲ, ನಿನಗೂ ಕಾಣುವುದಿಲ್ಲ. ನಿನ್ನ ಗೋಡೆ ಇನ್ನೂ ಒಂದು ಮಳೆಗಾಲವನ್ನೂ ನೋಡಿಲ್ಲ ಮಗಳೇ. ಅದಕ್ಕೇ ಹೇಳುತ್ತಿದ್ದೇನೆ, ಮಳೆ ಹೊಡೆಯುವ ಗೋಡೆಗೆ ಹಲಗೆ ಹೊಡೆಸಬೇಡ.

ಇನ್ನೊಂದು ವಿಷಯ ಇದೆ. ಇವತ್ತು ಹೇಳಿಯೇಬಿಡುತ್ತೇನೆ. ನಮಗೆ ಆ ಪ್ಯಾನಲ್ ಯಾಕೆ ಬೇಕಾಯಿತು? ಊಟದ ಮೇಜು ಹೋಗಿದ್ದಕ್ಕೆ. ಬೀಟೆ ಮರದ ಮೇಜು, ಹತ್ತು ಜನ ಕೂರುವಂಥದ್ದು, ನೀನೂ ಅದರ ಕೆಳಗೆ ಕೂತು ಆಡಿದವಳೇ. ಅದು ಇದ್ದಷ್ಟು ದಿನ ಆ ಮನೆಯಲ್ಲಿ ಕಣ್ಣು ಎಲ್ಲಿಗೆ ಹೋಗಬೇಕು ಅಂತ ಯಾರೂ ಕೇಳಲಿಲ್ಲ. ಬಾಗಿಲು ದಾಟಿದರೆ ಮೇಜು. ಪೇಪರ್ ಓದುವುದು ಅಲ್ಲಿ, ಕಾಫಿ ಲೆಕ್ಕ ಬರೆಯುವುದು ಅಲ್ಲಿ, ಹುತ್ತರಿ ಹಿಂದಿನ ದಿನ ಎಲ್ಲರೂ ಕೂತು ಗೆಣಸು ಹೆಚ್ಚುವುದೂ ಅಲ್ಲೇ. 2012ರಲ್ಲಿ ಪಾಲಾದಾಗ ಅದು ಬೆಂಗಳೂರಿಗೆ ಹೋಯಿತು. ಯಾರು ತೆಗೆದುಕೊಂಡು ಹೋದರು ಅಂತ ನಾನು ಹೆಸರು ಹೇಳುವುದಿಲ್ಲ, ಈ ಗುಂಪಿನಲ್ಲೇ ಇದ್ದಾರೆ, ಕೇಳಿಸಿಕೊಳ್ಳುತ್ತಾರೆ. ಕೇಳಿಸಿಕೊಳ್ಳಲಿ. ಪಾಲು ಕೇಳಿದ್ದು ತಪ್ಪಲ್ಲ. ಆದರೆ ಲಿಫ್ಟಿಗೆ ಹಿಡಿಯಲಿಲ್ಲ ಅಂತ ಅದರ ನಾಲ್ಕೂ ಕಾಲು ಕೊಯ್ಯಿಸಿದರಲ್ಲ, ಅದು ನನ್ನ ಹೊಟ್ಟೆಯಲ್ಲಿ ಇವತ್ತಿಗೂ ಉರಿಯುತ್ತೆ. ಒಂದು ಮಾತು ಫೋನ್ ಮಾಡಿದ್ದರೆ ವಾಪಸ್ ತರಿಸುತ್ತಿದ್ದೆವು, ಲಾರಿ ಬಾಡಿಗೆ ನಾವೇ ಕೊಡುತ್ತಿದ್ದೆವು. ಹೋದ ಸಲ ಬೆಂಗಳೂರಿಗೆ ಹೋದಾಗ ನೋಡಿದೆ. ಕಾರು ನಿಲ್ಲಿಸುವ ಕಡೆ ಗೋಡೆಗೆ ಒರಗಿಸಿ ನೀಲಿ ಟಾರ್ಪಾಲು ಹೊದಿಸಿದ್ದಾರೆ. ಒಂದು ಮೂಲೆಯಲ್ಲಿ ಟಾರ್ಪಾಲು ಸರಿದಿತ್ತು. ಅಲ್ಲಿ ಕೈ ಇಟ್ಟೆ. ಮಾವ ಬಿಸಿ ಕಾಫಿ ಲೋಟ ಇಟ್ಟು ಇಟ್ಟು ಆದ ಬಿಳಿ ಉಂಗುರ ಹಾಗೇ ಇದೆ. ಯಾರಿಗೂ ಬೇಡವಾದರೆ ಈಗಲಾದರೂ ಕೊಡಿ, ಕಾಲು ನಾನು ಮಾಡಿಸುತ್ತೇನೆ.

ಆಯಿತು, ಅದು ಬಿಡು. ನೀನು ಕೇಳಿದ್ದೇ ಬೇರೆ.

ಕಣ್ಣು ನಿಲ್ಲಲು ಒಂದು ಜಾಗ ಬೇಕು ಅನ್ನುವುದರಲ್ಲಿ ಇಂಟೀರಿಯರ್‌ನವರು ಹೇಳಿದ್ದು ಸರಿ. ನಮ್ಮ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಹಿರಿಯರ ಮನೆಯಲ್ಲಿ, ನಡುಮನೆಗೆ ಕಾಲಿಟ್ಟರೆ ಮೊದಲು ಕಾಣುವುದು ತೂಗುದೀಪ. ಕೊಡವರ ಮನೆಗಳಲ್ಲೂ ಹಾಗೇ, ನೆಲ್ಲಕ್ಕಿ ನಡುಬಾಡೆ ಅಂತ ಕರೆಯುವ ನಡುಮನೆಯಲ್ಲಿ ದೀಪ ತೂಗುತ್ತಿರುತ್ತೆ. ಬ್ರಿಟಿಷರ ಕಾಲದ ಎಸ್ಟೇಟ್ ಬಂಗಲೆಗಳಲ್ಲಿ ಬೆಂಕಿಗೂಡು ಇರುತ್ತೆ, ಕುರ್ಚಿಗಳೆಲ್ಲ ಅದರ ಕಡೆಗೇ ತಿರುಗಿರುತ್ತವೆ. ಜನ ಎಲ್ಲಿ ಸೇರುತ್ತಾರೋ ಅಲ್ಲಿ ಬೆಳಕು ಇಟ್ಟರು, ಅಷ್ಟೇ. ನಿನ್ನ ಮನೆಯಲ್ಲಿ ಅದು ಊಟದ ಮೇಜು. ಅದರ ಮೇಲೆ ಒಂದು ತೂಗುವ ದೀಪ ಹಾಕಿಸು.

ಎಲೆಕ್ಟ್ರಿಷಿಯನ್ ಸೋಮವಾರ ಬರುತ್ತಾನೆ ಅಂದೆಯಲ್ಲ, ಇದನ್ನೇ ಮೊದಲು ಹೇಳಬೇಕಿತ್ತು ನಾನು. ಪುಟ್ಟಿ ಹೊಡೆಯುವ ಮೊದಲೇ ಮೇಜಿನ ನಟ್ಟನಡುವೆ ಸೂರಿನಲ್ಲಿ ಪಾಯಿಂಟ್ ಕೊಡಿಸು. ಆಮೇಲೆ ಕೊಡಿಸಿದರೆ ಸೂರು ಕೊರೆಯಬೇಕಾಗುತ್ತೆ. ಕೋಣೆಯ ನಡುವೆ ಕೊಡುತ್ತೇನೆ ಅಂತಾನೆ, ಕೇಳಬೇಡ, ಮೇಜಿನ ನಡುವೆಯೇ ಬೇಕು. ಮೇಜಿನ ಹಲಗೆಯಿಂದ ದೀಪದ ಕೆಳಗಿನ ಅಂಚಿಗೆ 30ರಿಂದ 36 ಇಂಚು. ಅದಕ್ಕಿಂತ ಕೆಳಗೆ ಬಂದರೆ ಎದುರು ಕೂತವರ ಮುಖ ಕಾಣಲ್ಲ, ಮೇಲೆ ಹೋದರೆ ಬೆಳಕು ಕಣ್ಣಿಗೆ ಹೊಡೆಯುತ್ತೆ. ಮೂರು ಅಡಿ ಅಗಲದ ಮೇಜಿಗೆ ಒಂದೂವರೆ ಅಡಿಯ ದೀಪ ಸಾಕು. ಬಲ್ಬು ತರುವಾಗ ಡಬ್ಬದ ಮೇಲೆ ನೋಡು, 2700 ಅಥವಾ 3000 ಕೆಲ್ವಿನ್ ಅಂತ ಇರಬೇಕು, ಅದು ಹಳದಿ ಬೆಳಕು. 6500 ಅಂತ ಇದ್ದರೆ ಅದು ಬಿಳಿ ಬೆಳಕು, ಅನ್ನ ಸಾರು ಎಲ್ಲ ಪೇಲವ ಕಾಣುತ್ತೆ. ಫ್ಯಾನು ಹತ್ತಿರ ಬೇಡ, ರೆಕ್ಕೆಯ ನೆರಳು ಊಟ ಮಾಡುವಷ್ಟು ಹೊತ್ತೂ ಅಲ್ಲಾಡುತ್ತಿರುತ್ತೆ. ಆ ಒಂದು ದೀಪವನ್ನು ಇನ್ವರ್ಟರ್ ಲೈನಿಗೆ ಸೇರಿಸಲು ಹೇಳು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತೆ, ಯಾವಾಗ ಬರುತ್ತೆ ಅಂತ ನಿನಗೆ ನಾನು ಹೇಳಬೇಕಾ?

ಟಿವಿಯನ್ನು ಮಲಗುವ ಕೋಣೆ ಕಡೆಯ ಒಳಗೋಡೆಗೆ ಹಾಕು. ಹಿಂದೆ ಬಚ್ಚಲು ಇಲ್ಲ ತಾನೇ? ಇದ್ದರೆ ಅದೂ ಬೇಡ. ಕಿಟಕಿಗೆ ಎದುರಾಗಿಯೂ ಬೇಡ, ಹಗಲಲ್ಲಿ ಏನೂ ಕಾಣಲ್ಲ. ಟಿವಿಯ ನಡುಭಾಗ ನೆಲದಿಂದ ಮೂರೂವರೆ ಅಡಿ ಇದ್ದರೆ ಕೂತವರ ಕಣ್ಣಿಗೆ ಸಮ. ಆ ಗೋಡೆಗೆ ಹಲಗೆ ಏನೂ ಬೇಡ, ಒಂದು ಗಾಢ ಬಣ್ಣ ಬಳಿಸಿದರೆ ಸಾಕು. ಉಳಿದ ಗೋಡೆಗಳನ್ನು ಸುಮ್ನೆ ಬಿಳಿ ಬಿಡು. ಎಲ್ಲ ಗೋಡೆಗೂ ಏನಾದರೂ ಮಾಡಿದರೆ ಕಣ್ಣು ಮತ್ತೆ ಅಲೆಯುತ್ತೆ.

ಸೋಫಾವನ್ನು ಗೋಡೆಗೆ ಅಂಟಿಸಿ ಇಡಬೇಡ. ಬೆನ್ನು ಊಟದ ಮೇಜಿನ ಕಡೆ ಬರುವ ಹಾಗೆ ಇಡು, ಇದು ಹಾಲು, ಅದು ಊಟದ ಜಾಗ ಅಂತ ತಾನಾಗಿ ಬೇರೆ ಆಗುತ್ತೆ. ನಡುವೆ ಮೂರು ಅಡಿ ಬಿಡಬೇಕು, ಕುರ್ಚಿ ಹಿಂದೆ ತಳ್ಳಿ ಏಳಲು ಜಾಗ ಬೇಕಲ್ಲ. ಕಾರ್ಪೆಟ್ ಹಾಕು ಅಂತಾರೆ, ನಮ್ಮ ಊರಿಗೆ ಬೇಡ, ಜುಲೈಯಲ್ಲಿ ಅದೂ ಬೂಷ್ಟು ಹಿಡಿಯುತ್ತೆ. ಒಳ್ಳೆ ಚಾಪೆ ಹಾಕು, ಬಿಸಿಲು ಬಂದ ದಿನ ಅಂಗಳಕ್ಕೆ ತಂದು ಒಣಗಿಸಬಹುದು. ಅಜ್ಜ ಅಜ್ಜಿಯ ಫೋಟೋ ಇದೆಯಲ್ಲ, ಅದನ್ನು ಬಾಗಿಲಿನಿಂದ ಬಂದವರಿಗೆ ಕಾಣುವ ಒಳಗೋಡೆಗೆ ಹಾಕು. ಫೋಟೋದ ನಡುಭಾಗ ನೆಲದಿಂದ ಹೆಚ್ಚು ಕಡಿಮೆ ಐದು ಅಡಿ. ಜನ ಸುಮ್ನೆ ಮೇಲೆ ಮೇಲೆ ಹೊಡೆಯುತ್ತಾರೆ, ಕತ್ತು ಎತ್ತಿ ನೋಡಬೇಕಾಗುತ್ತೆ.

ಪಶ್ಚಿಮದ ಗೋಡೆಯನ್ನು ಈ ಒಂದು ಮಳೆಗಾಲ ಬರಿದೇ ಬಿಡು. ಹೊರಗೆ ಸಜ್ಜಾ ಎಷ್ಟು ಮುಂದೆ ಬಂದಿದೆ? ಕಮ್ಮಿ ಇದ್ದರೆ ಜೂನ್‌ಗೆ ಮೊದಲು ಶೀಟ್ ಇಳಿಸು, ಅದು ಚಂದ ಕಾಣಲ್ಲ ಅಂತ ನೋಡಬೇಡ. ಒಳಗಡೆ ಆಗಾಗ ಅಂಗೈ ಇಟ್ಟು ನೋಡುತ್ತಿರು.

ಮೇಜು ಇನ್ನೂ ಕೊಂಡಿಲ್ಲ ಅಂದೆ, ಅಲ್ವಾ? ಪರವಾಗಿಲ್ಲ. ನಾಳೆ ಸೀಮೆಸುಣ್ಣದಲ್ಲಿ ನೆಲದ ಮೇಲೆ ಮೇಜಿನ ಅಳತೆಗೆ ಗೆರೆ ಎಳೆ, ಸುತ್ತ ನಾಲ್ಕು ಪ್ಲಾಸ್ಟಿಕ್ ಕುರ್ಚಿ ಇಡು. ಬಾಗಿಲಲ್ಲಿ ನಿಂತು ಒಂದು ಫೋಟೋ, ಪಶ್ಚಿಮದ ಗೋಡೆಯನ್ನು ಹೊರಗಿನಿಂದ ಒಂದು ಫೋಟೋ, ಎರಡೂ ನನಗೆ ಕಳಿಸು. ಭಾನುವಾರ ಸಂಜೆಯೊಳಗೆ ಕಳಿಸು, ನಿನ್ನ ದೊಡ್ಡಪ್ಪನಿಗೂ ತೋರಿಸುತ್ತೇನೆ.