ಸಹಾಯ ಬೇಕು: ನಮ್ಮ ಸಂಘದ ಬ್ಯಾಂಕ್ ಖಾತೆಗೆ ಯಾವ ದೇಶ?

ಬರ್ಲಿನ್‌ನಲ್ಲಿದ್ದೇನೆ. ಭ್ರಷ್ಟಾಚಾರದ ಸೋರಿಕೆ ದಾಖಲೆಗಳನ್ನು ಪರಿಶೀಲಿಸಿ ಪ್ರಕಟಿಸುವ ಜಾಲತಾಣವೊಂದನ್ನು ನಾಲ್ವರು ಗೆಳೆಯರು ಸಂಘ ಕಟ್ಟಿಕೊಂಡು ನಡೆಸುತ್ತಿದ್ದೇವೆ. ಓದುಗರ ದೇಣಿಗೆಯೇ ನಮಗೆ ಆಧಾರ. ಕಳೆದ ತಿಂಗಳು ಬ್ಯಾಂಕಿನವರು ಎರಡು ಸಾಲಿನ ಪತ್ರ ಕಳುಹಿಸಿ, ಖಾತೆ ಮುಚ್ಚುತ್ತೇವೆ ಎಂದರು. ಕಾರಣ ಕೇಳಿದರೆ ಉತ್ತರವಿಲ್ಲ. ಮೂರು ವರ್ಷದ ದುಡಿಮೆ ಹೀಗೆ ನಿಂತುಹೋಗುವುದೇ ಎಂದು ಸಂಕಟವಾಗುತ್ತಿದೆ.

ಇನ್ನೆರಡು ಬ್ಯಾಂಕುಗಳೂ ಅರ್ಜಿಯನ್ನು ತಿರಸ್ಕರಿಸಿದವು. ಎಸ್ಟೋನಿಯಾ ವಿದೇಶಿಯರಿಗೆ ಕೊಡುವ ಡಿಜಿಟಲ್ ಗುರುತಿನ ಕಾರ್ಡ್, ಅಂದರೆ ಇ-ರೆಸಿಡೆನ್ಸಿಯನ್ನೂ ನೋಡಿದೆವು. ಆ ಕಾರ್ಡ್ ಇದ್ದ ಮಾತ್ರಕ್ಕೆ ಖಾತೆ ಸಿಗುವುದಿಲ್ಲ. ಐರೋಪ್ಯ ಒಕ್ಕೂಟದ 2014ರ ನಿರ್ದೇಶನ ಮೂಲ ಖಾತೆಯ (ಹಣ ಪಡೆಯಲು, ಕಳಿಸಲು ಬೇಕಾದ ಸರಳ ಬ್ಯಾಂಕ್ ಖಾತೆಯ) ಹಕ್ಕನ್ನು ಕೊಡುವುದು ವ್ಯಕ್ತಿಗಳಿಗೆ, ಸಂಘಗಳಿಗಲ್ಲ.

ಉಳಿದಿರುವುದು ಎರಡು ದೇಶ. ಫ್ರಾನ್ಸ್‌ನಲ್ಲಿ ಖಾತೆ ನಿರಾಕರಿಸಿದರೆ ಅಲ್ಲಿನ ಸಂಘವೂ ಆ ದೇಶದ ಕೇಂದ್ರ ಬ್ಯಾಂಕ್ ಆದ ಬ್ಯಾಂಕ್ ದ ಫ್ರಾನ್ಸ್‌ಗೆ ಅರ್ಜಿ ಹಾಕಬಹುದು. ಅದು ಖಾತೆ ತೆರೆಯಲೇಬೇಕಾದ ಒಂದು ಬ್ಯಾಂಕನ್ನು ಗೊತ್ತುಮಾಡುತ್ತದೆ. ಐಸ್‌ಲ್ಯಾಂಡ್‌ನ ಸರ್ವೋಚ್ಚ ನ್ಯಾಯಾಲಯ 2013ರಲ್ಲಿ, ಸೋರಿಕೆ ದಾಖಲೆ ಪ್ರಕಟಿಸುತ್ತಿದ್ದ ಜಾಲತಾಣ ವಿಕಿಲೀಕ್ಸ್‌ಗೆ ಬರುವ ದೇಣಿಗೆ ತಡೆದಿದ್ದ ಕಾರ್ಡ್ ಪಾವತಿ ಸಂಸ್ಥೆಯ ವಿರುದ್ಧ ತೀರ್ಪು ಕೊಟ್ಟಿತು. ಅದನ್ನು ಓದಿ ಧೈರ್ಯ ಬಂತು. ಆದರೆ ಕಾರ್ಡ್ ಪಾವತಿಯ ತೀರ್ಪು ಬ್ಯಾಂಕ್ ಖಾತೆಯನ್ನೂ ಕಾಯುತ್ತದೆಯೇ? ಗೊಂದಲ ಇರುವುದು ಇಲ್ಲೇ.

ಈ ಎರಡು ದೇಶಗಳಲ್ಲಿ ಸಂಘ ನಡೆಸಿದವರು ದಯವಿಟ್ಟು ಹೇಳಿ: ತಿಂಗಳಿಗೆ ನೂರಾರು ಸಣ್ಣ ದೇಣಿಗೆ ಬರುವ ಸಂಘದ ಖಾತೆ ಎಲ್ಲಿ ಮುಚ್ಚದೆ ಉಳಿದಿದೆ? ನಾವು ಎಲ್ಲಿ ನೋಂದಾಯಿಸಿಕೊಳ್ಳಬೇಕು?