ತುಂಬು ಮಣ್ಣಿನ ಮೇಲೆ ಮನೆ: ಒಂದು ಮಳೆಗಾಲ ಕಳೆದರೆ ಸಾಕಾ?

ಪ್ರಶ್ನೆ: ಸಾರ್, ನಮ್ಮದು ತೀರ್ಥಹಳ್ಳಿ ಹತ್ತಿರ ಇಳಿಜಾರಿನ ಜಾಗ. ಹೋದ ಬೇಸಿಗೆಯಲ್ಲಿ ಜೆಸಿಬಿಯಲ್ಲಿ ಮೇಲಿನ ಧರೆ (ಇಳಿಜಾರಿನ ಮಣ್ಣಿನ ದಿಬ್ಬ) ಕಡಿಸಿ, ಅದೇ ಮಣ್ಣನ್ನು ಕೆಳಗೆ ತಳ್ಳಿಸಿ ಮಟ್ಟ ಮಾಡಿಸಿದ್ದೇವೆ. ಕೆಳ ಅಂಚಿನಲ್ಲಿ ಸುಮಾರು 8 ಅಡಿ ತುಂಬಿದೆ. ಮನೆ ಅರ್ಧ ಕಡಿದ ನೆಲದ ಮೇಲೆ, ಅರ್ಧ ತುಂಬಿದ ಮಣ್ಣಿನ ಮೇಲೆ ಬರುತ್ತೆ. ಒಂದು ಮಳೆಗಾಲ ಆಗಿದೆ, ಮಣ್ಣು ಕೂತಿದೆ, 3 ಅಡಿ ಪಾಯ ತೋಡಿ ಸೈಜುಗಲ್ಲು ಕಟ್ಟಿದರೆ ಸಾಕು ಅಂತಾರೆ ಮೇಸ್ತ್ರಿ. ನಂಬಬಹುದಾ?

ಉತ್ತರ (ಸಿವಿಲ್ ಎಂಜಿನಿಯರ್): ದಯವಿಟ್ಟು ಹಾಗೆ ಕಟ್ಟಬೇಡಿ. ನಮ್ಮ ಮಳೆ ಎಷ್ಟೇ ಜೋರಾದರೂ ಅದು ರೋಲರ್ ಕೆಲಸ ಮಾಡಲ್ಲ. ತಳ್ಳಿದ ಮಣ್ಣಿನಲ್ಲಿ ಹೆಂಟೆಗಳ ನಡುವೆ ಪೊಳ್ಳು ಉಳಿದಿರುತ್ತೆ. ಮೇಲ್ಪದರ ಗಟ್ಟಿಯಾಗಿ ಕಂಡರೂ ಒಳಗೆ ಸಡಿಲವೇ. ಮುಂದೆ ಸೂರಿನ ನೀರೋ ಬಚ್ಚಲ ಪೈಪಿನ ಸೋರಿಕೆಯೋ ಅಲ್ಲಿಗಿಳಿದಾಗ ಹೆಂಟೆ ಕರಗಿ ನೆಲ ಕುಸಿಯುತ್ತೆ. ಬೇರು, ಸೊಪ್ಪುಸದೆ ಸೇರಿದ್ದರೆ ಅದು ಕೊಳೆತಷ್ಟು ಕಾಲವೂ ಇಳಿಯುತ್ತಲೇ ಇರುತ್ತೆ.

ನನಗೆ ಹೆಚ್ಚು ಭಯ ಆ ಅರ್ಧ-ಅರ್ಧದ್ದು. ಇಡೀ ಮನೆ ಒಂದೇ ಸಮ ಸ್ವಲ್ಪ ಇಳಿದರೆ ಗೋಡೆ ತಡೆದುಕೊಳ್ಳುತ್ತೆ. ಒಂದು ಕಡೆ ಗಟ್ಟಿ ನಿಂತು ಇನ್ನೊಂದು ಕಡೆ ಇಳಿದರೆ, ಎರಡೂ ಸೇರುವ ಜಾಗದಲ್ಲಿ ಗೋಡೆ ಸೀಳುತ್ತೆ, ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತೆ. ಆಮೇಲೆ ಸಿಮೆಂಟ್ ಮೆತ್ತಿದರೂ ಆ ಬಿರುಕು ನಿಲ್ಲಲ್ಲ.

ಮೊದಲು ಮೂರ್ನಾಲ್ಕು ಕಡೆ ಗುಂಡಿ ತೋಡಿಸಿ, ತುಂಬಿದ ಮಣ್ಣು ದಾಟಿ ಹಳೆಯ ನೆಲ ಎಲ್ಲಿದೆ ನೋಡಿ. ಬೇರು ತುಂಬಿದ ಕಪ್ಪು ಪದರ ಸಿಕ್ಕರೆ ಅದನ್ನೂ ದಾಟಬೇಕು. ಪಿಲ್ಲರ್ ಹಾಕಿ, ಫೂಟಿಂಗನ್ನು (ಪಿಲ್ಲರ್ ಬುಡದ ಅಗಲ ಕಾಂಕ್ರೀಟ್ ಪಾದ) ಆ ಗಟ್ಟಿ ನೆಲದಲ್ಲೇ ಕೂರಿಸಿ. ಪಾಯಕ್ಕೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 1904ರ ಪ್ರಕಾರ ಪಾಯ ಸಹಜ ನೆಲದೊಳಗೆ ಕನಿಷ್ಠ 50 ಸೆಂ.ಮೀ. ಇಳಿದಿರಬೇಕು. ಎಲ್ಲ ಪಿಲ್ಲರ್‌ಗಳನ್ನೂ ಪ್ಲಿಂತ್ ಬೀಮಿನಿಂದ (ನೆಲಮಟ್ಟದ ಕಾಂಕ್ರೀಟ್ ತೊಲೆ) ಒಂದಕ್ಕೊಂದು ಕಟ್ಟಿಸಿ. ಇನ್ನೊಂದು ಮಾತು: ಅಷ್ಟು ಆಳದ ಗುಂಡಿ ಸಡಿಲ ಮಣ್ಣಿನಲ್ಲಿ ನೆಟ್ಟಗೆ ನಿಲ್ಲಲ್ಲ. ಬದಿಯನ್ನು ಓರೆಯಾಗಿ ಕಡಿಸದೆ, ಆಸರೆ ಕೊಡದೆ ಕೆಲಸದವರನ್ನು ಒಳಗಿಳಿಸಬೇಡಿ. ಮಣ್ಣು ಬಿದ್ದರೆ ಜೀವ ಹೋಗುತ್ತೆ.

ಪ್ರಶ್ನೆ: ಖರ್ಚು ಕೈಮೀರುತ್ತೆ ಸಾರ್. ಮಣ್ಣು ತೆಗೆದು ಸರಿಯಾಗಿ ತುಂಬಿ ಅದರ ಮೇಲೇ ಕಟ್ಟಬಹುದಾ?

ಉತ್ತರ: ಕಟ್ಟಬಹುದು, ಆದರೆ ಅರ್ಧಂಬರ್ಧ ಮಾಡಿದರೆ ದುಡ್ಡು ದಂಡ. ಹಳೆಯ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಸಿ, ಇಲ್ಲದಿದ್ದರೆ ಹೊಸ ಮಣ್ಣು ಜಾರುತ್ತೆ. ಮಣ್ಣನ್ನು 8–9 ಇಂಚಿನ ಪದರವಾಗಿ ಹರಡಿ, ಹದವಾಗಿ ನೀರು ಕೊಟ್ಟು ರೋಲರ್ ಓಡಿಸಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಕೈಗೆ ಕೆಸರು ಅಂಟಬಾರದು. ಜೆಸಿಬಿ ಬಕೆಟ್‌ನಲ್ಲಿ ತಟ್ಟಿದ್ದು ಲೆಕ್ಕಕ್ಕಿಲ್ಲ. ಲ್ಯಾಬ್‌ನವರಿಂದ ಪ್ರಾಕ್ಟರ್ ಪರೀಕ್ಷೆ (ಆ ಮಣ್ಣನ್ನು ದಿಮ್ಮಿಸಿದಾಗ ಸಿಗುವ ಗರಿಷ್ಠ ಒಣ ಸಾಂದ್ರತೆ ಎಷ್ಟೆಂದು ತಿಳಿಯುವುದು) ಮಾಡಿಸಿ, ಪದರ ಪದರಕ್ಕೂ ಒಣ ಸಾಂದ್ರತೆ ಆ ಗರಿಷ್ಠದ 95% ಮುಟ್ಟಿದೆಯಾ ನೋಡಿಸಿ. ಜಂಬಿಟ್ಟಿಗೆ ಗರಸು ಇರುವ ಮಣ್ಣಿಗೆ ಕೋರ್ ಕಟರ್ (ಕೊಳವೆ ಬಡಿದು ಮಣ್ಣಿನ ಮಾದರಿ ತೆಗೆಯುವುದು) ಸರಿಹೋಗಲ್ಲ, ಮರಳು ತುಂಬಿ ಅಳೆಯುವ ಪರೀಕ್ಷೆ ಕೇಳಿ. ಇಷ್ಟಾದರೂ ಪಾಯದ ವಿನ್ಯಾಸ ಎಂಜಿನಿಯರ್ ಕೈಯಲ್ಲೇ ಆಗಲಿ.

ನನ್ನನ್ನು ಕೇಳಿದರೆ, ಜಾಗ ಸಾಕಾಗುವುದಾದರೆ ಇಡೀ ಮನೆಯನ್ನು ಕಡಿದ ನೆಲಕ್ಕೇ ಸರಿಸಿ, ಧರೆಯಿಂದ ದೂರ ಬಿಟ್ಟು ಕಟ್ಟಿ. ತುಂಬಿದ್ದು ಅಂಗಳವಾಗಲಿ, ಅಡಿಕೆ ಒಣಗಿಸಲು ಬೇಕೇ ಬೇಕಲ್ಲ.

ಇನ್ನೊಬ್ಬ ಸದಸ್ಯರು (ಹೊಸನಗರ): ಪಿಲ್ಲರ್ ಹಾಕಿದ ಮನೆಯಲ್ಲೂ ನೆಲದ ಟೈಲ್ಸ್ ಕುಸಿದಿದ್ದು ನೋಡಿದ್ದೇನೆ. ಯಾಕೆ?

ಉತ್ತರ: ಗೋಡೆಯ ಭಾರ ಪಿಲ್ಲರ್ ಹೊರುತ್ತೆ, ನೆಲದ ಭಾರ ಕೆಳಗಿನ ಮಣ್ಣೇ ಹೊರಬೇಕು. ಆ ಮಣ್ಣನ್ನೂ ಪದರವಾಗಿ ದಿಮ್ಮಿಸಬೇಕು, ಇಲ್ಲವೇ ನೆಲಕ್ಕೂ ಬೀಮಿನ ಮೇಲೆ ಸ್ಲ್ಯಾಬ್ ಹಾಕಬೇಕು. ಜೊತೆಗೆ, ಇಂಗುಗುಂಡಿಯನ್ನು ತುಂಬು ಮಣ್ಣಿನಲ್ಲಿ ತೋಡಿಸಬೇಡಿ. ಧರೆಯ ಮೇಲಿನ ನೀರು ಅಂಗಳಕ್ಕೆ ಬರದಂತೆ ಚರಂಡಿ ತೆಗೆದು ಪಕ್ಕಕ್ಕೆ ತಿರುಗಿಸಿ. ಕೆಳ ಅಂಚಿನ ತಡೆಗೋಡೆಗೆ ನೀರು ಬಸಿಯುವ ತೂತು, ಅದರ ಹಿಂದೆ ಜಲ್ಲಿ ಇರಲಿ. ಇದೆಲ್ಲ ಮಳೆ ಹಿಡಿಯುವ ಮೊದಲೇ ಮುಗಿಯಬೇಕು.